ಅಸೂಟಿಯ ಕಟ್ಟೆಯ ಮೇಲೊಂದು ಜಿಜ್ಞಾಸೆ

ರೋಣ ಸೀಮೆಯೆಂದರೆ ಎರೆಯ ಸೀಮೆ. ಗದಗ ಪಟ್ಟಣವನ್ನು ಹಿಂದಿಕ್ಕಿ ಹೊರಟೊಡನೆ ಕಣ್ಣಿಗೆ ಅಡ್ಡವಾಗುವ ಗುಡ್ಡಗಳು ವಿರಳವಾಗುತ್ತವೆ. ಇಕ್ಕೆಲಗಳಲ್ಲಿಯೂ ಕಪ್ಪು ನೆಲ, ಅದರ ಮೇಲೆ ಬಿಳಿಜೋಳ, ಕಡಲೆ, ಕುಸುಬಿ. ದ್ರೋಣಾಚಾರ್ಯರ ಹೆಸರಿನಿಂದ ದ್ರೋಣಪುರವೇ ರೋಣವಾಯಿತೆಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಒಂದೆಡೆ ಚಾಲುಕ್ಯ ಶಿಲ್ಪದ ಸೂಡಿ, ಇನ್ನೊಂದೆಡೆ ಗಜೇಂದ್ರಗಡದ ಕಾಲಕಾಲೇಶ್ವರ. ಇವುಗಳ ಕೀರ್ತಿ ನಾಡಿಗೆಲ್ಲ ತಿಳಿದದ್ದು. ಅಸೂಟಿಗೆ ಅಂಥ ಖ್ಯಾತಿಯಿಲ್ಲ. ಒಕ್ಕಲುತನವನ್ನೇ ನಂಬಿದ ಊರು ಅದು. ಆ ಊರಿನ ಭಕ್ತರ ಕರೆಯನ್ನು ಮನ್ನಿಸಿ ನಾವು ಈ ಮಾಘಮಾಸದಲ್ಲಿ ಮೂರು ದಿನಗಳ ಪ್ರವಚನಕ್ಕಾಗಿ ಅಲ್ಲಿಗೆ ತೆರಳಿದ್ದೆವು.

ಅದು ಸೀತನಿಯ ಕಾಲ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬೆಲ್ಲ ಕೊಬ್ಬರಿಯೊಡನೆ ನಮ್ಮ ಮುಂದಿಟ್ಟ ತಾಯಂದಿರ ಆದರವನ್ನು ಮರೆಯಲಾಗದು. ಎರಡನೆಯ ದಿನ ಸಂಜೆ, ಪ್ರವಚನಕ್ಕೆ ಇನ್ನೂ ಹೊತ್ತಿದ್ದಾಗ, ಗುಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಕಟ್ಟೆಯ ಇನ್ನೊಂದು ಮಗ್ಗುಲಲ್ಲಿ ಯುವಕರು ಏರುದನಿಯಲ್ಲಿ ವಾದಿಸುತ್ತಿದ್ದರು. ಜಗಳವೆಂದೇ ಮೊದಲು ಭಾವಿಸಿದೆವು. ವಿಚಾರಿಸಲಾಗಿ, ಅದು ಕ್ರಿಕೆಟ್ ಆಟದ ಚರ್ಚೆ. 2025ರ ಬೇಸಿಗೆಯಲ್ಲಿ ಭಾರತ ತಂಡವು ಇಂಗ್ಲೆಂಡಿನಲ್ಲಿ ಐದು ಟೆಸ್ಟುಗಳನ್ನಾಡಿತಷ್ಟೆ. ಬೆನ್ನಿನ ಗಾಯದಿಂದ ಚೇತರಿಸಿಕೊಂಡಿದ್ದ ವೇಗದ ಬೌಲರ್ ಜಸ್ಪ್ರೀತ್ ಬುಮ್ರಾ ಅವರನ್ನು ಮೂರು ಪಂದ್ಯಗಳಲ್ಲಿ ಮಾತ್ರ ಆಡಿಸುವುದೆಂದು ಮೊದಲೇ ನಿರ್ಧಾರವಾಗಿತ್ತು. ಹಾಗೆಯೇ ಆಯಿತು. ಮೊಹಮ್ಮದ್ ಸಿರಾಜ್ ಐದೂ ಪಂದ್ಯಗಳಲ್ಲಿ ಚೆಂಡೆಸೆದರು. ಬುಮ್ರಾ ಆಡದ ಎರಡು ಪಂದ್ಯಗಳನ್ನೇ ಭಾರತ ಗೆದ್ದಿತು. ಕೊನೆಯ ಓವಲ್ ಪಂದ್ಯವನ್ನು ಕೇವಲ 6 ರನ್ನುಗಳಿಂದ ಗೆದ್ದಾಗ, ಬೆನ್ನುಮೂಳೆಯ ಬಿರುಕಿನಿಂದಾಗಿ ಒಂದು ವರ್ಷದಷ್ಟು ಕಾಲ ಮೈದಾನದಿಂದ ದೂರವಿದ್ದ ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಎಂಟು ವಿಕೆಟ್ ಪಡೆದಿದ್ದರು.

ಒಬ್ಬ ಯುವಕನ ವಾದ ಹೀಗಿತ್ತು: ದೇಶಕ್ಕಾಗಿ ಆಡುವವನು ಪಂದ್ಯಗಳನ್ನು ಆಯ್ದುಕೊಳ್ಳಬಾರದು, ಒಪ್ಪಿಕೊಂಡ ಕೆಲಸವನ್ನು ಪೂರ್ತಿ ಮಾಡಬೇಕು. ಇನ್ನೊಬ್ಬನದು: ಮುರಿದ ಮೇಲೆ ಮರುಗುವುದಕ್ಕಿಂತ ಮೊದಲೇ ಕಾಯುವುದು ಜಾಣತನ. ಅಷ್ಟರಲ್ಲಿ ಹಿರಿಯರೊಬ್ಬರು ನಮ್ಮತ್ತ ತಿರುಗಿ, “ಅಜ್ಜಾರ, ನುಲಿಯ ಚಂದಯ್ಯಗಳು ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಕಾಯಕ ಬಿಡಲಿಲ್ಲಂತ ನೀವ ನಿನ್ನೆ ಹೇಳಿದ್ರಿ. ಮೈ ನೋವಂತ ಇವರು ಕೆಲಸ ಬಿಟ್ಟರ ಅದೆಂಥಾ ಕಾಯಕರಿ?” ಎಂದರು. ಪ್ರಶ್ನೆ ನಮ್ಮ ಪ್ರವಚನಕ್ಕೇ ಬಂದು ತಗುಲಿದ್ದರಿಂದ ಉತ್ತರಿಸುವುದು ಅನಿವಾರ್ಯವಾಯಿತು.

ಚೆಂಡೆಸೆಯುವವನ ತೋಳಿನ ಬಗ್ಗೆ ಇಂಥ ವಾಗ್ವಾದ ಅಸೂಟಿಯಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕೆಯ ಜನಪ್ರಿಯ ಆಟ ಬೇಸ್‌ಬಾಲ್. ಅದರಲ್ಲಿ ಎಸೆಗಾರನು ಮೊಳಕೈಯನ್ನು ಮಡಿಸಿ, ಚಾಟಿಯಂತೆ ಬೀಸಿ ಚೆಂಡೆಸೆಯುತ್ತಾನೆ. ಆ ಬೀಸಿಗೆ ಮೊಳಕೈಯ ಒಳಬದಿಯಲ್ಲಿ ಎಲುಬುಗಳನ್ನು ಹಿಡಿದಿಡುವ ಕಟ್ಟು ಸವೆದು ಹರಿಯುತ್ತದೆ. ಒಂದು ಕಾಲಕ್ಕೆ ಅದು ಹರಿದರೆ ಆಟಗಾರನ ಬದುಕೇ ಮುಗಿದಂತೆ. 1974ರಲ್ಲಿ ಫ್ರಾಂಕ್ ಜೋಬ್ ಎಂಬ ವೈದ್ಯರು ಟಾಮಿ ಜಾನ್ ಎಂಬ ಎಡಗೈ ಎಸೆಗಾರನ ಬಲಗೈಯಿಂದ ಸ್ನಾಯುರಜ್ಜುವೊಂದನ್ನು ತೆಗೆದು ಎಡ ಮೊಳಕೈಗೆ ಹೊಲಿದರು. ಆತ 1975ರ ಇಡೀ ವರ್ಷ ಆಡಲಿಲ್ಲ. ಮರಳಿ ಬಂದು 1989ರವರೆಗೆ ಆಡಿದ. ಅವನ 288 ಗೆಲುವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ನಂತರದವು. ಇಂದಿಗೂ ಆ ಚಿಕಿತ್ಸೆಗೆ ಅವನದೇ ಹೆಸರು.

ಅದೇ ಚಿಕಿತ್ಸೆಯನ್ನು 2010ರಲ್ಲಿ ಮಾಡಿಸಿಕೊಂಡ ಸ್ಟೀಫನ್ ಸ್ಟ್ರಾಸ್‌ಬರ್ಗ್ ಎಂಬ ಯುವಕನನ್ನು ವಾಷಿಂಗ್ಟನ್ ತಂಡವು 2012ರಲ್ಲಿ, ತಂಡ ಮುಂಚೂಣಿಯಲ್ಲಿದ್ದಾಗಲೇ, ಸೆಪ್ಟೆಂಬರಿನಲ್ಲಿ ಆಟದಿಂದ ಹಿಂದಕ್ಕೆ ಕರೆಯಿತು. ಅವನು ಇನ್ನೂ ಆಡಬೇಕೆಂದಿದ್ದ. ತಂಡ ಮುಂದಿನ ಸುತ್ತಿನಲ್ಲಿ ಸೋತಿತು. ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದರು. 2019ರಲ್ಲಿ ಅದೇ ತಂಡ ಪರಮೋಚ್ಚ ಪ್ರಶಸ್ತಿ ಗೆದ್ದಾಗ ಆ ಸರಣಿಯ ಶ್ರೇಷ್ಠ ಆಟಗಾರನೆನಿಸಿದವನು ಇವನೇ. ಕಾಯ್ದದ್ದು ಫಲಿಸಿತೆಂದು ಒಂದು ಪಕ್ಷ ಸಂಭ್ರಮಿಸಿತು. ಆದರೆ ಆಮೇಲೆ ಮತ್ತೆ ಗಾಯಗಳು ಮುತ್ತಿ ಅವನು ಹೆಚ್ಚು ಆಡಲಾಗಲಿಲ್ಲ. ವಿಶ್ರಾಂತಿಯು ಫಲವನ್ನು ಖಚಿತಪಡಿಸುವ ಮಂತ್ರವಲ್ಲವೆಂಬುದನ್ನೂ ನಾವು ಒಪ್ಪಬೇಕು.

ನಮ್ಮ ನಾಡಿನ ಉದಾಹರಣೆಗಳು ಇನ್ನೂ ಹತ್ತಿರದವು. ಮೈಸೂರಿನ ಜಾವಗಲ್ ಶ್ರೀನಾಥರು ಹಲವು ವರ್ಷ ಭಾರತದ ವೇಗದ ಭಾರವನ್ನೆಲ್ಲ ಒಂದೇ ಭುಜದ ಮೇಲೆ ಹೊತ್ತರು. 1997ರಲ್ಲಿ ಆ ಭುಜದ ಸ್ನಾಯು ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಅವರು ಆಡಲಾಗಲಿಲ್ಲ. ನವೆಂಬರಿನಲ್ಲಿ ಮರಳಿದರು, 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು.

ಬೆಂಗಳೂರಿನ ಅನಿಲ್ ಕುಂಬ್ಳೆಯವರನ್ನು ನೆನೆದಾಗ ಎಲ್ಲರ ಕಣ್ಣಮುಂದೆ ಬರುವುದು 2002ರ ಆಂಟಿಗಾ ಪಂದ್ಯ. ದವಡೆ ಮುರಿದಿದ್ದರೂ ತಲೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು, ಬ್ರಯಾನ್ ಲಾರಾ ಅವರನ್ನು ಔಟು ಮಾಡಿದರು. ಕಟ್ಟೆಯ ಮೇಲಿನ ಹಿರಿಯರೂ ಅದನ್ನೇ ಎತ್ತಿ ಹೇಳಿದರು. ಆದರೆ ಅದಕ್ಕಿಂತ ಮುಂಚೆ ನಡೆದುದನ್ನು ಯಾರೂ ಹೇಳುವುದಿಲ್ಲ. 2000ದ ಕೊನೆಯಲ್ಲಿ ಭುಜದ ಗಾಯಕ್ಕೊಳಗಾದ ಅವರು ದಕ್ಷಿಣ ಆಫ್ರಿಕೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2001ರ ಆಸ್ಟ್ರೇಲಿಯಾ ಸರಣಿಯಂಥ ಐತಿಹಾಸಿಕ ಸಂದರ್ಭದಲ್ಲಿ ಮನೆಯಲ್ಲಿ ಕುಳಿತರು. ಆ ವರ್ಷದ ಕೊನೆಯ ತಿಂಗಳಲ್ಲಿ ಅವರ ಟೆಸ್ಟ್ ವಿಕೆಟ್ಟುಗಳು 300 ತಲುಪಿದವು. 2008ರಲ್ಲಿ ನಿವೃತ್ತರಾದಾಗ ಅವು 619. ಅಂದರೆ ಅರ್ಧಕ್ಕಿಂತ ಹೆಚ್ಚು ಸಾಧನೆ ಆ ಸುಮ್ಮನಿದ್ದ ವರ್ಷದ ನಂತರದ್ದು. ಆಂಟಿಗಾದಲ್ಲಿಯೂ ಅವರು ಮರುದಿನ ಮತ್ತೆ ಎಸೆಯಲು ನಿಲ್ಲಲಿಲ್ಲ. ಚಿಕಿತ್ಸೆಗಾಗಿ ಬೆಂಗಳೂರಿಗೆ ಹೊರಟುಬಂದರು.

ಕುಂಬ್ಳೆಯವರಿಲ್ಲದಾಗ ತಂಡ ಬರಿದಾಗಲಿಲ್ಲ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್ ನಡೆದಾಗ 92 ರನ್ ಬಾರಿಸಿ, 8 ವಿಕೆಟ್ ಪಡೆದು ಪಂದ್ಯಪುರುಷರೆನಿಸಿದವರು ನಮ್ಮ ಗದಗಿನ ಸುನೀಲ್ ಜೋಶಿ. ಅಭ್ಯಾಸಕ್ಕಾಗಿ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಪ್ರಯಾಣಿಸುತ್ತಿದ್ದ ಹುಡುಗ ಅವರು. ಒಬ್ಬರ ತೋಳಿಗೆ ಬಿಡುವು ಸಿಕ್ಕಾಗ ಇನ್ನೊಬ್ಬರಿಗೆ ಅವಕಾಶ ತೆರೆದುಕೊಂಡಿತು ಎಂದೊಡನೆ ಕಟ್ಟೆಯ ಮೇಲಿನ ಯುವಕರು ಹಿಗ್ಗಿದರು. ಗದಗಿನ ಹೆಸರು ಬಂತಲ್ಲವೆ!

ಇನ್ನು ಚಂದಯ್ಯಗಳ ಪ್ರಶ್ನೆ. ಕಾಯಕವೆಂಬ ಪದದೊಳಗೆ ಕಾಯವಿದೆ. ಕಾಯದಿಂದ ನಡೆಯುವುದು ಕಾಯಕ. ಶರಣರು ಒಡಲನ್ನು ಹೇಯವೆಂದು ತುಚ್ಛೀಕರಿಸಿದವರಲ್ಲ. ಅದರೊಳಗೆ ಶಿವನನ್ನು ನೆಲೆಗೊಳಿಸಿದವರು. ಹಾಗಿದ್ದ ಮೇಲೆ ಕಾಯವನ್ನು ಕೆಡಿಸುವ ದುಡಿಮೆ ಕಾಯಕವೆನಿಸುವುದು ಹೇಗೆ? ಚಂದಯ್ಯಗಳು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ದಾಸೋಹ ಮಾಡಿದವರು. ಅವರ ಕಾಯಕವನ್ನು ಅವರೇ ಆಯ್ದುಕೊಂಡಿದ್ದರು. ಬೇರೊಬ್ಬರ ಗೆಲುವಿಗಾಗಿ, ಬೇರೊಬ್ಬರ ಅಂಜಿಕೆಯಿಂದ ಕೈ ನೋಯಿಸಿಕೊಂಡವರಲ್ಲ.

ಇದರ ಜೊತೆಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ನೆನೆಯಬೇಕು. ಪತಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿದಳು. ದುಡಿಮೆಗೂ ಒಂದು ಅಳತೆಯುಂಟು, ಅಳತೆ ಮೀರಿದ್ದು ಆಸೆಯೆನಿಸುತ್ತದೆ ಎಂಬುದು ಅವಳ ಬೋಧೆ. ಒಂದೇ ತೋಳಿನಿಂದ ಇನ್ನೊಂದು ಓವರ್, ಇನ್ನೊಂದು ಪಂದ್ಯ, ಇನ್ನೊಂದು ಗೆಲುವು ಎಂದು ಕೀಳುತ್ತ ಹೋಗುವ ತಂಡಕ್ಕೂ ಜನರಿಗೂ ಲಕ್ಕಮ್ಮನಂಥ ತಾಯಿಯೊಬ್ಬಳು ಬೇಕು.

ನಾವು ಇಷ್ಟು ಹೇಳುವಾಗ ಯುವಕರ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದ ಬಾಲಕನೊಬ್ಬನನ್ನು ಯಾರೋ ಮುಂದಕ್ಕೆ ತಳ್ಳಿದರು. ಹತ್ತನೆಯ ತರಗತಿಯಲ್ಲಿ ಓದುವ ಹುಡುಗ. ಊರಿನ ತಂಡದ ಅತಿವೇಗದ ಬೌಲರ್. ಹದಿನೈದು ದಿನಗಳಿಂದ ಅವನ ಬಲ ಮೊಳಕೈ ನೋಯುತ್ತಿತ್ತು. ಬರುವ ಭಾನುವಾರ ನೆರೆಯೂರಿನೊಡನೆ ಅಂತಿಮ ಪಂದ್ಯ. ಬುಮ್ರಾ ಅವರ ಹೆಸರಿನಲ್ಲಿ ಇಷ್ಟು ಹೊತ್ತು ನಡೆದ ವಾದ ನಿಜವಾಗಿ ಇವನದೇ ಆಗಿತ್ತೆಂಬುದು ಆಗ ತಿಳಿಯಿತು. ತಾಯಿ ಬೇಡವೆನ್ನುತ್ತಿದ್ದಳು, ತಂಡ ಬೇಕೆನ್ನುತ್ತಿತ್ತು. ಅವನನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾವು ಕೇಳಿದೆವು. ತಲೆ ತಗ್ಗಿಸಿ, “ಕೈ ಎತ್ತಿದ್ರ ನೋಯತೈತ್ರಿ ಅಜ್ಜಾರ. ಆದ್ರ ವಲ್ಲೆ ಅಂದ್ರ ಮುಂದ ನನ್ನ ಆಟಕ್ಕ ತಗೊಳ್ಳಾಂಗಿಲ್ಲಂತ ಅಂಜಿಕಿ ಆಗತೈತ್ರಿ” ಎಂದನು.

ಕಟ್ಟೆ ಮೌನವಾಯಿತು. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿ ಇನ್ನೂ ಮೆದುವಾಗಿರುತ್ತದೆ. ಅಲ್ಲಿ ಬಿದ್ದ ಪೆಟ್ಟು ಮೊಳಕೈಯ ಬೆಳವಣಿಗೆಯನ್ನೇ ಕೆಡಿಸಬಲ್ಲದು. ಅದಕ್ಕಾಗಿಯೇ ಅಮೆರಿಕೆಯ ಬಾಲಕರ ಬೇಸ್‌ಬಾಲ್ ಸಂಸ್ಥೆಯು 2007ರಿಂದ ಎಸೆತಗಳಿಗೆ ಮಿತಿ ಹಾಕಿದೆ. ಹನ್ನೊಂದು ಹನ್ನೆರಡು ವಯಸ್ಸಿನವರಿಗೆ ದಿನಕ್ಕೆ 85 ಎಸೆತ, ಬಳಿಕ ವಿಶ್ರಾಂತಿಯ ದಿನಗಳು. ನಮ್ಮ ಹಳ್ಳಿಗಳ ಪಂದ್ಯಗಳಲ್ಲಿ ಎಣಿಸುವವರಾರು? ಒಂದೇ ದಿನ ಮೂರು ನಾಲ್ಕು ಪಂದ್ಯಗಳಲ್ಲಿ ಒಬ್ಬನೇ ಹುಡುಗ ಎಸೆಯುವುದುಂಟು.

ಮರುದಿನ ಅವನ ತಂದೆ ಅವನನ್ನು ಗದಗಿಗೆ, ಎಲುಬಿನ ವೈದ್ಯರಲ್ಲಿಗೆ ಕರೆದೊಯ್ದರು. ಎಲುಬು ಮುರಿದಿಲ್ಲ, ಆದರೆ ಎರಡು ತಿಂಗಳು ಚೆಂಡು ಮುಟ್ಟಬಾರದೆಂದು ಅವರು ಹೇಳಿದರಂತೆ. ಭಾನುವಾರದ ಪಂದ್ಯವನ್ನು ಅಸೂಟಿಯವರು ಸೋತರೆಂದು ಆಮೇಲೆ ತಿಳಿಯಿತು. ಗೊಣಗುವವರು ಗೊಣಗಿದರಂತೆ. ಆದರೆ ತಂಡದ ನಾಯಕನು ಹುಡುಗನ ಮನೆಗೆ ಹೋಗಿ, “ನಿನ್ನ ಜಾಗ ನಿನಗ ಐತಿ” ಎಂದು ಹೇಳಿ ಬಂದನೆಂಬ ವಾರ್ತೆ ನಮಗೆ ಗೆಲುವಿಗಿಂತ ಹೆಚ್ಚಿನ ಹರ್ಷ ತಂದಿತು. ಹುಡುಗನ ಅಂಜಿಕೆಗೆ ಔಷಧಿ ಇದ್ದದ್ದು ಆ ಮಾತಿನಲ್ಲಿಯೇ.

ಉತ್ತರ ಕರ್ನಾಟಕದ ಅನೇಕ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಮೀರುತ್ತಿದ್ದರೂ ಹಿರಿಯರು ಆ ನೇಮವನ್ನು ಮುರಿಯುತ್ತಿರಲಿಲ್ಲ. ಎತ್ತು ತನ್ನ ನೋವನ್ನು ಬಾಯಿ ಬಿಟ್ಟು ಹೇಳಲಾರದೆಂದು ಅವರಿಗೆ ತಿಳಿದಿತ್ತು. ಮನೆಯ ಮಕ್ಕಳು ಬಾಯುಳ್ಳವರಾದರೂ ಎಷ್ಟೋ ಸಲ ಹೇಳಲಾರರು. ಆಟದಲ್ಲಿರಲಿ, ಓದಿನಲ್ಲಿರಲಿ, ಹೊಲದ ಕೆಲಸದಲ್ಲಿರಲಿ, ಅವರು ಸೋಲಿಗಿಂತ ನಮ್ಮ ಮುಖದ ಮೇಲಿನ ನಿರಾಶೆಗೆ ಅಂಜುತ್ತಾರೆ. ಕಳೆ ಕಿತ್ತು, ರೊಟ್ಟಿ ತಟ್ಟಿ ಭುಜ ನೋಯಿಸಿಕೊಂಡರೂ ತುಟಿ ಬಿಚ್ಚದ ತಾಯಂದಿರ ಮಾತೂ ಇದೇ. ಆದ್ದರಿಂದ ಸದ್ಭಕ್ತರು ವಾರಕ್ಕೊಂದು ದಿನವಾದರೂ ಮನೆಮಂದಿಯನ್ನೆಲ್ಲ ಹತ್ತಿರ ಕೂಡಿಸಿಕೊಂಡು, ಯಾರಿಗೆ ಎಲ್ಲಿ ನೋವಿದೆಯೆಂದು ಕೇಳಬೇಕು; ಕೇಳಿದ ಮೇಲೆ ನಂಬಬೇಕು. ಶಿವನು ನೆಲಸಿದ ಕಾಯಗಳನ್ನು ಕಾಯುವ ಈ ಕಾಯಕ ಎಲ್ಲರ ಮನೆಗಳಲ್ಲಿಯೂ ನಡೆಯಲೆಂದು ಹಾರೈಸುತ್ತೇವೆ.