ಸೈಕಲ್ ಇಳಿದ ಜಾಗ



ಧರಣಿ, ಮನವಿ ಪತ್ರ, ವಿಚಾರ ಸಂಕಿರಣ ಅಂತ ಪೋಸ್ಟ್ ಹಾಕ್ತಿದ್ದೋನು ಈಗ ಭಾನುವಾರ ಬಂದ್ರೆ ಸೈಕಲ್ ಫೋಟೋ ಹಾಕ್ತಾನಲ್ಲ, ಏನು ಕತೆ ಅಂತ ಸುಮಾರು ಜನ ಕೇಳಿದ್ದೀರಿ. ‘ಅಣ್ಣ ಮಿಡಲ್ ಕ್ಲಾಸ್ ಆಗ್ಬಿಟ್ಟ’ ಅಂತ ಕಾಲೆಳೆದೋರೂ ಇದ್ದೀರಿ. ಎಲ್ಲರಿಗೂ ಒಟ್ಟಿಗೆ ಉತ್ತರ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಓದಿ.

ಶುರುವಾಗಿದ್ದು ಶುಗರ್‌ನಿಂದ. ಇಪ್ಪತ್ತು ವರ್ಷ ಕುರ್ಚಿ ಮೇಲೆ ಕೂತು ಕಡತ ತಿರುವಿದ ಗುಮಾಸ್ತನಿಗೆ ನಲವತ್ತೈದಕ್ಕೆ ಇನ್ನೇನು ಬರುತ್ತೆ? ಡಾಕ್ಟರು ‘ನಡೀರಿ, ಇಲ್ಲಾ ಸೈಕಲ್ ತುಳೀರಿ’ ಅಂದ್ರು. ಹದಿನಾಲ್ಕು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ತಗೊಂಡೆ. ಚಿಕ್ಕಬಳ್ಳಾಪುರದಲ್ಲಿ ಇರೋನಿಗೆ ದಾರಿ ಹುಡುಕೋ ಕಷ್ಟ ಇಲ್ಲ. ಯಾವ ಕಡೆ ಮುಖ ಮಾಡಿದ್ರೂ ಬೆಟ್ಟ, ಬೆಟ್ಟದ ಬುಡದಲ್ಲಿ ಊರು, ಊರಾಚೆ ಕೇರಿ.

ಮೊದಲು ಎಲ್ಲರ ಹಾಗೆ ನಂದಿಬೆಟ್ಟ. ಬೆಂಗಳೂರಿಂದ ಸೈಕಲ್‌ನೋರು ಕತ್ತಲಲ್ಲೇ ಹೊರಟು ಅರವತ್ತು ಕಿಲೋಮೀಟರ್ ತುಳಿದು ಬರ್ತಾರೆ, ನಮಗೆ ಅದು ಹಿತ್ತಲು. 1478 ಮೀಟರ್ ಎತ್ತರ. ಕೊನೆಯ ಏಳೆಂಟು ಕಿಲೋಮೀಟರ್ ಬರೀ ತಿರುವು, ಬರೀ ಏರು. ಮೊದಲ ಸಲ ನಾಲ್ಕು ಕಡೆ ನಿಂತೆ. ಮೂರು ತಿಂಗಳಾದ ಮೇಲೆ ನಿಲ್ಲದೆ ಹತ್ತಿದೆ. ಅವತ್ತು ಮೇಲೆ ನಿಂತು ಮಂಜು ನೋಡಿದಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಅರ್ಕಾವತಿ, ಉತ್ತರ ಪಿನಾಕಿನಿ ಹುಟ್ಟೋದು ಇದೇ ಬೆಟ್ಟಸಾಲಿನಲ್ಲಿ. ಆ ನೀರು ಕೆರೆಗೆ ಬಂದ ಮೇಲೆ ತೂಬು ಎತ್ತಿ ಊರಿನ ಗದ್ದೆಗಳಿಗೆ ಹಂಚುತ್ತಿದ್ದವನು ನಮ್ಮಪ್ಪ. ನೀರುಗಂಟಿ. ನೀರು ಹಂಚೋನಿಗೆ ಆ ಗದ್ದೆಗಳಲ್ಲಿ ಒಂದು ಗುಂಟೆಯೂ ಇರಲಿಲ್ಲ, ಅದು ಬೇರೆ ಮಾತು.

ಬೆಟ್ಟದ ಮೇಲೆ ಸಿಕ್ಕಿದ ಒಂದಿಷ್ಟು ಜನರ ಗುಂಪಿಗೆ ಸೇರಿಕೊಂಡೆ. ಒಳ್ಳೆಯವರು. ಪಂಕ್ಚರ್ ಆದ್ರೆ ನಿಂತು ಹಾಕಿ ಕೊಡ್ತಾರೆ, ಬಾಳೆಹಣ್ಣು ಹಂಚಿ ತಿಂತಾರೆ. ಅವರಿಂದಲೇ ಮಿಕ್ಕ ದಾರಿಗಳು ಗೊತ್ತಾದವು. ಹೈವೇಲಿ ಪೇರೇಸಂದ್ರದವರೆಗೆ ಹೋಗಿ ಎಡಕ್ಕೆ ತಿರುಗಿದ್ರೆ ಗುಡಿಬಂಡೆ. ಕೋಟೆಯ ಬೆಟ್ಟ, ಅದರ ಬುಡದಲ್ಲಿ ಬೈರಸಾಗರ. ಮೇಲಿಂದ ನೋಡಿದ್ರೆ ಕೆರೆ ಭಾರತದ ನಕ್ಷೆ ಥರ ಕಾಣುತ್ತೆ ಅಂತ ಎಲ್ಲರೂ ಫೋಟೋ ತೆಗೀತಾರೆ. ಅಲ್ಲಿಂದ ಗೌರಿಬಿದನೂರು, ಮಂಚೇನಹಳ್ಳಿ, ಮತ್ತೆ ಚಿಕ್ಕಬಳ್ಳಾಪುರ. ಹೆಚ್ಚೂಕಮ್ಮಿ ನೂರು ಕಿಲೋಮೀಟರ್ ಸುತ್ತು. ಇನ್ನೊಂದು ದಾರಿ ಚಿಂತಾಮಣಿ ಕಡೆಗೆ, ಕೈವಾರ, ಅಂಬಾಜಿದುರ್ಗ.

ಗುಂಪಿನವರ ಫೋನಲ್ಲಿ ನಕ್ಷೆ ಇರುತ್ತೆ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಟೀ ಅಂಗಡಿ, ಎಲ್ಲಿ ವ್ಯೂ. ನನ್ನ ತಲೆಯಲ್ಲಿ ಇನ್ನೊಂದು ನಕ್ಷೆ ಇದೆ. ಚಿಂತಾಮಣಿ ತಾಲ್ಲೂಕು ಅಂದ ಕೂಡಲೇ ನನಗೆ ಕಾಣೋದು ಕಂಬಾಲಪಲ್ಲಿ. 2000ದ ಮಾರ್ಚ್ 11. ನಮ್ಮವರು ಏಳು ಜನ ಬೆಂಕಿಯಲ್ಲಿ ಸತ್ತರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಲ್ಲೂ ಅದೇ ತೀರ್ಪು. ಏಳು ಜನರನ್ನ ಕೊಂದೋರು ಯಾರೂ ಇಲ್ಲ ಅಂತಾಯ್ತು. ಪಕ್ಕದಲ್ಲಿ ತುಳೀತಿದ್ದ ಹುಡುಗ ‘ಈ ಕಡೆ ಹಳ್ಳಿ ಜನ ಎಷ್ಟು ಮುಗ್ಧರು ಅಲ್ವಾ ಸರ್’ ಅಂದ. ಉಸಿರು ಕಟ್ಟಿತ್ತು, ಏರು ರಸ್ತೆ ಅಂತ ಸುಮ್ಮನಾದೆ.

ಟೀ ಅಂಗಡಿಯಲ್ಲೂ ಅಷ್ಟೇ. ಎಲ್ಲರೂ ಟೀ ರುಚಿ ನೋಡ್ತಾರೆ, ನಾನು ಲೋಟ ನೋಡ್ತೀನಿ. ಈಗ ಎಲ್ಲ ಕಡೆ ಪೇಪರ್ ಕಪ್ಪು. ಎರಡು ಲೋಟದ ಪದ್ಧತಿ ಹೋಯ್ತು ಅಂತಾರೆ. ಹೋಯ್ತೋ, ಪೇಪರ್ ಕಪ್ಪಿನೊಳಗೆ ಬಚ್ಚಿಟ್ಟುಕೊಂಡಿತೋ ಅಂತ ನನಗೆ ಇನ್ನೂ ಅನುಮಾನ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ಒಂದು ಭಾನುವಾರ ಹೈವೇ ಬೇಡ, ಒಳದಾರೀಲಿ ಹೋಗೋಣ ಅಂತ ಗುಂಪಲ್ಲಿ ತೀರ್ಮಾನ ಆಯ್ತು. ಫೋನ್ ತೋರಿಸಿದ ದಾರಿ ನಮ್ಮೂರ ಮೇಲೆ ಹೋಗ್ತಿತ್ತು. ಊರ ಹೆಸರು ಇಲ್ಲಿ ಬೇಡ, ನಮ್ಮ ತಮ್ಮನ ಸಂಸಾರ ಅಲ್ಲೇ ಇದೆ. ಕೆರೆ ಏರಿ ದಾಟಿದ್ರೆ ಊರಬಾಗಿಲು, ಅದರೊಳಗೆ ದೊಡ್ಡ ಬೀದಿ, ಬೀದಿ ಕೊನೆಗೆ ಗುಡಿ. ಕೇರಿಗೆ ಹೋಗೋಕೆ ಕೆರೆ ಕೋಡಿ ಪಕ್ಕ ಬೇರೆ ದಾರಿ. ನಾವು ಹುಟ್ಟಿದಾಗಿಂದ ಓಡಾಡಿದ್ದು ಆ ಕೋಡಿ ದಾರೀಲೇ.

ಅಪ್ಪ ಒಂದು ಹಳೇ ಅಟ್ಲಾಸ್ ಸೈಕಲ್ ಇಟ್ಟಿದ್ದ. ತೂಬಿನ ಹತ್ತಿರ ರಾತ್ರಿ ಹೋಗಿಬರೋಕೆ ಬೇಕಿತ್ತು. ಕೆಲಸದ ಮೇಲೆ ದೊಡ್ಡ ಬೀದಿಗೆ ಹೋಗಲೇಬೇಕಾದಾಗ ಊರಬಾಗಿಲ ಹತ್ತಿರ ಇಳೀತಿದ್ದ. ಚಪ್ಪಲಿ ಬಿಚ್ಚಿ ಹ್ಯಾಂಡಲ್‌ಗೆ ನೇತು ಹಾಕ್ತಿದ್ದ. ಸೈಕಲ್ ತಳ್ಕೊಂಡು, ತಲೆ ತಗ್ಗಿಸಿ, ಗುಡಿ ದಾಟೋವರೆಗೆ ನಡೀತಿದ್ದ. ಹಿಂದೆ ಕ್ಯಾರಿಯರ್ ಹಿಡ್ಕೊಂಡು ನಾನು. ಯಾಕಪ್ಪ ಇಳೀತೀಯ ಅಂತ ಒಂದು ಸಲ ಕೇಳಿದ್ದೆ. ‘ಇಲ್ಲಿ ರಸ್ತೆ ಸರಿ ಇಲ್ಲ ಮಗ’ ಅಂದ. ನಾನು ಎಷ್ಟೋ ವರ್ಷ ಅದನ್ನ ನಂಬಿದ್ದೆ.

ಆವತ್ತು ಗುಂಪಿನವರು ಮುಂದೆ ಮುಂದೆ ಹೋದರು, ಬೆಲ್ ಹೊಡೆದು, ನಗ್ತಾ. ಊರಬಾಗಿಲು ಬಂತು. ಯಾರೂ ನನ್ನ ತಡೀಲಿಲ್ಲ. ಯಾರೂ ಏನೂ ಅನ್ನಲಿಲ್ಲ. ತಲೆ ಮೇಲೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಗುರುತು ಹಿಡಿಯೋಕೂ ಆಗ್ತಿರಲಿಲ್ಲ. ಆದ್ರೂ ನನ್ನ ಕಾಲು ನೆಲದ ಮೇಲಿತ್ತು. ಇಳಿದುಬಿಟ್ಟಿದ್ದೆ. ಇಳಿಬೇಕು ಅಂತ ಇಳಿದದ್ದಲ್ಲ, ಕಾಲೇ ಇಳಿಸಿತು. ಗುಡಿ ದಾಟೋವರೆಗೆ ತಳ್ಕೊಂಡು ನಡೆದೆ.

ಮುಂದೆ ಕಾಯ್ತಿದ್ದವರು ‘ಏನ್ ಸರ್, ಪಂಕ್ಚರಾ?’ ಅಂದ್ರು. ‘ಚೈನ್ ಬಿತ್ತು’ ಅಂದೆ.

ಗೆಳೆಯರೇ, ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆ ಅನ್ನೋ ಪದವೂ ಇದೆ. ಅದರ ಮೇಲೆ ನಾನು ಎಷ್ಟು ವೇದಿಕೆಗಳಲ್ಲಿ ಮಾತಾಡಿದ್ದೀನಿ ಅಂತ ನಿಮಗೇ ಗೊತ್ತು. ಬಾಬಾಸಾಹೇಬರು 1929ರಲ್ಲಿ ಚಾಳೀಸಗಾಂವ್‌ನಲ್ಲಿ ಟಾಂಗಾದಿಂದ ಬಿದ್ದು ಕಾಲು ಮುರಿದುಕೊಂಡ ಪ್ರಸಂಗವನ್ನೂ ಹೇಳಿದ್ದೀನಿ. ಟಾಂಗಾದವರು ಯಾರೂ ಅವರನ್ನ ಕೂರಿಸಿಕೊಂಡು ಓಡಿಸೋಕೆ ಒಪ್ಪಲಿಲ್ಲ. ಅತಿಥಿ ನಡೆದುಕೊಂಡು ಬರಬಾರದು ಅಂತ ಕೇರಿಯವರೇ ಬಾಡಿಗೆಗೆ ತಂದು, ಓಡಿಸಿ ಗೊತ್ತಿಲ್ಲದೋನು ಓಡಿಸಿ, ಸೇತುವೆ ಮೇಲೆ ಚಕ್ರ ಸಿಕ್ಕಿಕೊಂಡಿತು. ಕುದುರೆ, ಗಾಡಿ ನದಿಗೆ, ಅವರು ಕಲ್ಲಿನ ಮೇಲೆ. ಬ್ಯಾರಿಸ್ಟರ್ ಆಗಿ, ಸರ್ಕಾರದ ಸಮಿತಿ ಸದಸ್ಯರಾಗಿ ಹೋದವರಿಗೇ ಹಾಗಾಯ್ತು. ಇಷ್ಟೆಲ್ಲ ಮೈಕಿನಲ್ಲಿ ಹೇಳಿದ ನಾನು ನಮ್ಮೂರ ಬೀದೀಲಿ ಯಾರೂ ಹೇಳದೆ ಇಳಿದೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಜಾತಿ ಹೊರಗೆ ಇದೆ ಅಂತ ಹೋರಾಡ್ತಿದ್ದೆ, ಅದು ನನ್ನ ಮೊಣಕಾಲಲ್ಲೂ ಇದೆ ಅಂತ ಗೊತ್ತಿರಲಿಲ್ಲ.

ಎರಡು ವಾರ ಬಿಟ್ಟು ಒಬ್ಬನೇ ಊರಿಗೆ ಹೋದೆ. ತಮ್ಮನ ಚಿಕ್ಕ ಮಗಳು ‘ದೊಡ್ಡಪ್ಪ, ನಾನೂ ಬರ್ತೀನಿ’ ಅಂತ ಅವಳಕ್ಕಂಗೆ ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ ತಗೊಂಡು ಹೊರಟಳು. ನಾನು ಕೋಡಿ ದಾರಿಗೆ ತಿರುಗಿಸಿದೆ. ಅವಳು ‘ಅದ್ಯಾಕೆ ಸುತ್ತು? ಹಿಂಗೇ ಹೋಗೋಣ’ ಅಂತ ಏರಿ ಮೇಲೆ ನೇರ ಹೋದಳು. ಊರಬಾಗಿಲ ಹತ್ತಿರ ನನ್ನ ಕಾಲು ಮತ್ತೆ ಪೆಡಲ್ ಬಿಟ್ಟಿತು. ಅವಳು ತಿರುಗಿ ನೋಡಿ, ‘ಯಾಕೆ ದೊಡ್ಡಪ್ಪ ಇಳಿತಿದ್ದೀರ?’ ಅಂದಳು.

‘ಇಲ್ಲಿ ರಸ್ತೆ ಸರಿ ಇಲ್ಲ’ ಅನ್ನೋ ಮಾತು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ‘ಏನಿಲ್ಲ, ನಡಿ’ ಅಂದೆ. ಕಾಲು ಪೆಡಲ್ ಮೇಲಿಟ್ಟೆ.

ಜಗಲಿ ಮೇಲೆ ಕೂತಿದ್ದ ಒಬ್ಬ ಮುದುಕರು ನೋಡಿದರು. ‘ಯಾರಮ್ಮ ನೀನು?’ ಅಂತ ಅವಳನ್ನ ಕೇಳಿದರು. ಸೈಕಲ್ ನಿಲ್ಲಿಸದೆ ‘ನೀರುಗಂಟಿ ಮೊಮ್ಮಗಳು!’ ಅಂತ ಕೂಗಿ ಹೇಳಿದಳು. ಅವರು ಮಾತಾಡಲಿಲ್ಲ. ಗುಡಿ ದಾಟಿತು. ಇನ್ನೂರು ಮೀಟರ್ ಕೂಡ ಇಲ್ಲ ಆ ಬೀದಿ, ಸಮತಟ್ಟು. ನಂದಿಬೆಟ್ಟದ ಯಾವ ತಿರುವಲ್ಲೂ ನನಗೆ ಅಷ್ಟು ಏದುಸಿರು ಬಂದಿರಲಿಲ್ಲ.

ಇದನ್ನ ಗೆಲುವು ಅಂತ ಬರೀತಿಲ್ಲ. ಆ ಗುಡಿಯೊಳಗೆ ನಮ್ಮವರು ಇವತ್ತಿಗೂ ಹೋಗಲ್ಲ. ಆ ಬೀದೀಲಿ ಬಾಡಿಗೆ ಮನೆ ಕೇಳಿದ್ರೆ ಸಿಗಲ್ಲ. ತಮ್ಮ ಆವತ್ತು ಸಂಜೆ ‘ನೀನು ಟೌನ್‌ಗೆ ಹೋಗ್ತೀಯ, ನಾವು ಇಲ್ಲೇ ಇರಬೇಕು ಅಣ್ಣ’ ಅಂದ. ಅವನ ಮಾತೂ ಸುಳ್ಳಲ್ಲ. ಆದ್ರೆ ಅಪ್ಪ ನನಗೆ ಹೇಳಿದ ಸುಳ್ಳನ್ನ ನಾನು ಆ ಹುಡುಗಿಗೆ ಹೇಳಲಿಲ್ಲ. ಅಪ್ಪ ನನ್ನ ಕಾಪಾಡೋಕೆ ಹೇಳಿದ್ದ, ಅದು ಈಗ ಅರ್ಥ ಆಗುತ್ತೆ. ಅವಳಿಗೆ ಆ ಕಾಪಾಡುವಿಕೆ ಬೇಕಾಗಿಲ್ಲ.

ಗುಂಪಿನವರಿಗೂ ಇವತ್ತೇ ಹೇಳ್ತಿದ್ದೀನಿ. ನಿಮ್ಮಲ್ಲಿ ಕೆಲವರು ಇದನ್ನ ಓದ್ತೀರಿ. ಆವತ್ತು ಚೈನ್ ಬಿದ್ದಿರಲಿಲ್ಲ.

ಬರೋ ಭಾನುವಾರ ಕೇರಿಯ ಮಕ್ಕಳನ್ನ ಕರ್ಕೊಂಡು ಬೈರಸಾಗರಕ್ಕೆ ಹೋಗ್ತಿದ್ದೀವಿ. ಆರು ಸೈಕಲ್ ಇದೆ, ಹನ್ನೊಂದು ಮಕ್ಕಳು. ಮನೇಲಿ ಸುಮ್ಮನೆ ತುಕ್ಕು ಹಿಡೀತಿರೋ ಸೈಕಲ್ ಇದ್ರೆ ಕೊಡಿ, ರಿಪೇರಿ ನಾವೇ ಮಾಡಿಸ್ಕೋತೀವಿ. ಬೆಳಗ್ಗೆ ಆರಕ್ಕೆ ಕೆರೆ ಏರಿ ಮೇಲಿಂದ ಹೊರಡ್ತೀವಿ, ದೊಡ್ಡ ಬೀದಿ ಮೇಲೆ ಹಾದು.

ಇಳಿಯಲ್ಲ.

ಜೈಭೀಮ್.