ರಾಘವಾಂಕನ ಐದು ಹಲ್ಲು

ಹಂಪೆಯ ಕವಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಮೇಲೆ ಮೊದಲು ಮುನಿದವನು ಅವನ ಸೋದರಮಾವನೂ ಗುರುವೂ ಆದ ಹರಿಹರ. ಶಿವಶರಣರನ್ನು ಬಿಟ್ಟು ನರನನ್ನು ಹೊಗಳಿದನೆಂದು ಹೊಡೆದಾಗ ಐದು ಹಲ್ಲು ಉದುರಿದವು. ಪಶ್ಚಾತ್ತಾಪಪಟ್ಟ ಕವಿ ಐದು ಶೈವಕೃತಿ ರಚಿಸಿ ಹಲ್ಲುಗಳನ್ನು ಮರಳಿ ಪಡೆದ ಎಂಬುದು ಐತಿಹ್ಯ. ಆ ಐದು ಕೃತಿಗಳಲ್ಲಿ ‘ಶರಭ ಚಾರಿತ್ರ’ ಮತ್ತು ‘ಹರಿಹರ ಮಹತ್ವ’ ಸಿಕ್ಕೇ ಇಲ್ಲ. ಓದುಗರು ಎದೆಗಪ್ಪಿಕೊಂಡದ್ದು ಗುರು ಒಲ್ಲದ ಕಾವ್ಯವನ್ನೇ. ಮತದ ಪೂರ್ವಗ್ರಹ ಕೊಟ್ಟ ತೀರ್ಪು ನಿಲ್ಲಲಿಲ್ಲ.

ಕಾವ್ಯದೊಳಗಿನ ಜಾತಿಯ ಪ್ರಶ್ನೆ ಇನ್ನೂ ಕಠಿಣ. ವಿಶ್ವಾಮಿತ್ರ ಸೃಷ್ಟಿಸಿದ ಅನಾಮಿಕ, ಅಂದರೆ ಅಸ್ಪೃಶ್ಯ, ಹೆಣ್ಣುಗಳು ಹಾಡಿ ಕುಣಿದು ರಾಜ ಹರಿಶ್ಚಂದ್ರನನ್ನು ಮೆಚ್ಚಿಸುತ್ತಾರೆ. ಮದುವೆಯಾಗೆಂದರೆ ರಾಜ ಕುಲದ ಮಾತೆತ್ತಿ ಹೊಡೆದಟ್ಟುತ್ತಾನೆ. ಇಂದಿನ ಓದುಗರಿಗೆ ಇದು ನೋವಿನ ಭಾಗ, ಕವಿಯನ್ನು ಇದರಿಂದ ಪೂರ್ತಿ ಬಿಡಿಸಲಾಗದು. ಆದರೂ ಆ ಹೆಣ್ಣುಗಳನ್ನು ರಾಘವಾಂಕ ಮೂಕರಾಗಿಸಲಿಲ್ಲ: ಹಾಡು ಕೇಳಿದ ಕಿವಿಗೆ, ರೂಪು ನೋಡಿದ ಕಣ್ಣಿಗೆ ತಟ್ಟದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ತಟ್ಟುತ್ತದೆ ಎಂಬ ಅವರ ವಾದಕ್ಕೆ ರಾಜನಲ್ಲಿ ಸರಿಯಾದ ಉತ್ತರವಿಲ್ಲ. ಮುಂದೆ ಕಾಶಿಯಲ್ಲಿ ಅದೇ ರಾಜ ಚಂಡಾಲ ವೀರಬಾಹುವಿನ ಆಳಾಗಿ ಸುಡುಗಾಡು ಕಾಯುತ್ತಾನೆ.