ಯಾರ ಮೂಗಿಗೆ ಯಾವ ವಾಸನೆ

ಹುಳಕ್ಕೂ ವಾಸನೆಗೂ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಜೋಳದ ಚೀಲಕ್ಕೆ ಬೇವಿನ ತಪ್ಪಲ, ಬ್ಯಾಳಿ ಡಬ್ಬಿಗೆ ಒಣಮೆಣಸಿನಕಾಯಿ, ಬನಹಟ್ಟಿಯ ಸೀರೆ ಟ್ರಂಕು ಸೇರುವಾಗ ಮಡಿಕೆಯೊಳಗೆ ಡಾಂಬರು ಗುಳಿಗೆ. "ಬೇವಿನ ತಪ್ಪಲ ಹಾಕವ್ವಾ, ಹುಳದ ಅಪ್ಪ ಸೈತ ಬರಂಗಿಲ್ಲ" ಎನ್ನುವ ಆಯಿ ಓಣಿಗೊಬ್ಬಳಾದರೂ ಸಿಗುತ್ತಾಳೆ. ಆಯಿಯ ಮಾತು ಚೀಲದ ಮಟ್ಟಿಗೆ ಖರೆ. ಹೊಲಕ್ಕೆ ಬಂದರೆ ಲೆಕ್ಕ ಬೇರೆ.

ನಂಬಿಕೆ ಬರದಿದ್ದರೆ ಮಿರಗದ ಮಳೆ ಬಿದ್ದ ಸಂಜೆ ಮುಧೋಳದ ಕಡೆ ಕಬ್ಬಿನ ಹೊಲದ ಬದುವಿಗೆ ಹೋಗಿ ನಿಲ್ಲಿ. ಹೊತ್ತು ಮುಳುಗಿ ದೀಪ ಹಚ್ಚುವ ವೇಳೆಗೆ ಹಸಿ ನೆಲ ಒಡೆದುಕೊಂಡು ಕಂದು ಬಣ್ಣದ ದುಂಬಿಗಳು ಗುಂಯ್ ಎಂದು ಏಳುತ್ತವೆ. ಎದ್ದು ಎಲ್ಲಿಗೆ ಹೋಗುತ್ತವೆ? ಬದುವಿನ ಬೇವಿನ ಗಿಡಕ್ಕೇ! ಅಲ್ಲೇ ಊಟ, ಅಲ್ಲೇ ಮದುವೆ. ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರಿ ತತ್ತಿ ಇಡುತ್ತವೆ. ಅದರಿಂದ ಹುಟ್ಟುವುದೇ ಗೊಣ್ಣೆಹುಳ. ಬೇರು ಕಡಿಸಿಕೊಂಡ ಕಬ್ಬು ಹಳದಿಗಟ್ಟಿ, ಕೈ ಹಾಕಿ ಜಗ್ಗಿದರೆ ಸಲೀಸಾಗಿ ಕಿತ್ತು ಬರುತ್ತದೆ. ಬಲ್ಲ ರೈತರು ಆ ಸಂಜೆಯೇ ಬೇವಿನ ಟೊಂಗೆ ಅಲ್ಲಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುತ್ತಾರೆ. ಇಡೀ ಜಗತ್ತು ಕೀಟನಾಶಕ ಎಂದು ಹೊಗಳುವ ಗಿಡ ಈ ದುಂಬಿಗೆ ಹಬ್ಬದ ಎಡೆ. ಆಯಿಗೆ ಇದನ್ನು ಹೇಳುವ ಧೈರ್ಯ ನನಗಂತೂ ಇಲ್ಲ.

ಅರಿಷಿಣದ್ದೂ ಇದೇ ಕತೆ. ಕಾಳಿಗೆ ಅರಿಷಿಣ ಸವರಿದರೆ ಹುಳ ಹತ್ತುವುದಿಲ್ಲ ಅನ್ನುತ್ತೇವೆ. ತೇರದಾಳದ ಕಡೆ ಅರಿಷಿಣ ಬೆಳೆದವರನ್ನು ಕೇಳಿದರೆ ಕಾಂಡಕೊರಕದ ಮಾತು ತೆಗೆಯುತ್ತಾರೆ. ಸುಳಿ ಒಣಗಿರುತ್ತದೆ, ಕಾಂಡದ ತೂತಿನ ಬಾಯಲ್ಲಿ ಹಿಕ್ಕೆ ಅಂಟಿರುತ್ತದೆ. ಇದರ ಪತಂಗಕ್ಕೆ ಹಳದಿ ರೆಕ್ಕೆ, ಮೇಲೆಲ್ಲ ಕರಿ ಚುಕ್ಕೆ. ಔಡಲದ ಕಾಯಿ ಕೊರೆಯುವುದೂ ಇದೇ, ಏಲಕ್ಕಿಯದೂ ಇದೇ ಎಂದು ಬಹಳ ದಿನ ತಿಳಿದಿದ್ದರು. 2018ರಲ್ಲಿ ಏಲಕ್ಕಿಯದು ಬೇರೆ ಜಾತಿ ಎಂದು ಗುರುತಿಸಿ ಅದಕ್ಕೆ ಸಹ್ಯಾದ್ರಿಯ ಹೆಸರಿಟ್ಟರು. ಔಡಲದ ಪತಂಗ ಮಾತ್ರ ಮಹಾ ತಿರುಗಾಡಿ. ಚೀನಾದಲ್ಲಿ ಅದು ಚೆಸ್ಟ್‌ನಟ್ ಕಾಯಿಯ ಮುಳ್ಳು ಸಿಪ್ಪೆಯನ್ನೇ ಕೊರೆದು ಒಳಗೆ ಇಳಿಯುತ್ತದೆ. ಯಾವ ತಳಿಯ ಚೆಸ್ಟ್‌ನಟ್ ಪರಿಮಳಕ್ಕೆ ಹೆಣ್ಣು ಪತಂಗ ಮರುಳಾಗುತ್ತದೆ ಎಂದು ಅಲ್ಲಿಯ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ತೋಟದಲ್ಲಿ ಸೂರ್ಯಕಾಂತಿ ಹಾಕಿ, ಪತಂಗವನ್ನು ಅತ್ತ ಎಳೆಯುವ ಉಪಾಯವೂ ಅಲ್ಲಿದೆ. ಓಡಿಸುವುದಕ್ಕಿಂತ ಕರೆದು ಕೂಡಿಸುವುದು ಸುಲಭ ಎಂಬುದು ಚೀನಾದವರಿಗೆ ಹೊಳೆದಂತೆ ನಮ್ಮವರಿಗೂ ಹೊಳೆದಿದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚಂಡುಹೂವು ಹಾಕಿಸುವುದು ಇದೇ ಲೆಕ್ಕದ ಮೇಲೆ: ಕಾಯಿಕೊರಕ ತತ್ತಿ ಇಡಲು ಹೂವಿಗೆ ಹೋಗಲಿ ಅಂತ.

ಕರೆಯುವ ವಾಸನೆಗಳಲ್ಲಿ ನನಗೆ ಬಹಳ ಸೇರಿದ್ದು ಬಿಹಾರದ ಪೂಸಾದ್ದು. ಅಲ್ಲಿ ಕೀಟಶಾಸ್ತ್ರಜ್ಞನಾಗಿದ್ದ ಹೌಲೆಟ್‌ನ ನೆರೆಯವನೊಬ್ಬ ಸೊಳ್ಳೆಕಾಟಕ್ಕೆಂದು ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡ. ಸೊಳ್ಳೆ ಏನಾದವೋ, ಹಣ್ಣುನೊಣಗಳು ಮಾತ್ರ ಬೆನ್ನು ಹತ್ತಿದವು. ಬಂದವೆಲ್ಲ ಗಂಡು! ಹೌಲೆಟ್ 1912ರಲ್ಲಿ ಇದನ್ನು ಬರೆದ. 1915ರಲ್ಲಿ ಆ ಸೆಳೆತದ ಮೂಲ ಮೀಥೈಲ್ ಯೂಜಿನಾಲ್ ಎಂದು ತೋರಿಸಿದ. ನಮ್ಮ ಅಂಗಳದ ತುಳಸಿಯಲ್ಲೂ ಈ ಸತ್ವ ಉಂಟು. ಗಂಡು ನೊಣ ಅದನ್ನು ನೆಕ್ಕಿ, ಮೈಯೊಳಗೆ ಬೇರೆ ಪರಿಮಳ ಮಾಡಿಕೊಂಡು ಹೆಣ್ಣನ್ನು ಒಲಿಸುತ್ತದೆ. ಅತ್ತರು ಪೂಸಿಕೊಂಡು ಹೆಣ್ಣು ನೋಡಲು ಹೊರಟ ವರನಂತೆ.

ಈಗ ಮಾವು, ಪೇರಲ ತೋಟಗಳಲ್ಲಿ ತೂಗುವ ಪ್ಲಾಸ್ಟಿಕ್ ಬಾಟಲಿಗಳ ಒಳಗುಟ್ಟು ಇದೇ. ಪ್ಲೈವುಡ್ ತುಂಡಿಗೆ ಮೀಥೈಲ್ ಯೂಜಿನಾಲ್ ಜೊತೆಗೆ ತುಸು ಔಷಧ ಕುಡಿಸಿ ಒಳಗೆ ನೇತುಹಾಕುತ್ತಾರೆ. ಹಿಂದೆ ಗುವಾಂ ಬಳಿಯ ರೋಟಾ ದ್ವೀಪದಲ್ಲಿ ಕಬ್ಬಿನ ನಾರಿನ ಬಿಲ್ಲೆಗಳಿಗೆ ಇದನ್ನೇ ಕುಡಿಸಿ ವಿಮಾನದಿಂದ ಚೆಲ್ಲಿ, 1965ರ ಹೊತ್ತಿಗೆ ಹಣ್ಣುನೊಣದ ಹೆಸರಿಲ್ಲದಂತೆ ಮಾಡಿದರು. ದ್ವೀಪವಾದ್ದರಿಂದ ಆಯಿತು, ನಮ್ಮಲ್ಲಿ ಜಮಖಂಡಿಯ ನೊಣಕ್ಕೂ ಬೀಳಗಿಯ ನೊಣಕ್ಕೂ ನಡುವೆ ಸಮುದ್ರವಿಲ್ಲ. ಊರೆಲ್ಲ ಕೂಡಿ ಕಟ್ಟದಿದ್ದರೆ ಹೊರಗಿನಿಂದ ಮತ್ತೆ ಬರುತ್ತವೆ, ಹಣ್ಣು ಸೀಳಿದಾಗ ಬಿಳಿ ಹುಳ ಪುಟಪುಟ ಜಿಗಿಯುವುದು ತಪ್ಪುವುದಿಲ್ಲ.

ಬೀಳಗಿ ಕಡೆಯ ನಮ್ಮ ಕಾಕಾ ಬಾಟಲಿ ಕಟ್ಟಿಸಿದರು. ಪಕ್ಕದ ಹೊಲದವ ಬದುವಿನ ಮೇಲೆ ನಿಂತು ನಕ್ಕ. "ನಿಮ್ಮ ಬಾಟಲಿಗೆ ನಮ್ಮ ನೊಣಾನೂ ಬರ್ತಾವಲ್ರೀ ಕಾಕಾ, ನಾ ಯಾಕ ರೊಕ್ಕ ಹಾಕ್ಲಿ?"

"ಬರೋವು ಬರೇ ಗಂಡಪಾ," ಅಂದರು ಕಾಕಾ, ಎಲೆಗೆ ಸುಣ್ಣ ಸವರುತ್ತ. "ತತ್ತಿ ಇಡೋವು ನಿನ್ನ ಗಿಡದಾಗ ಉಳೀತಾವ ನೋಡು."